ಜಂಪಣ್ಣನ ಥಂಡಾ ಪ್ಲಗ್

ಹೊಳಲ್ಕೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ‘ವಿಚಾರಿಸಿ’ ಎಂದು ಬರೆದ ಒಂದು ಪುಟ್ಟ ಕಿಟಕಿ ಇತ್ತು. ಅದರ ಹಿಂದೆ ಜಂಪಣ್ಣ ಕೂರುತ್ತಿದ್ದ. ವಿಚಾರಿಸಿ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿಟ್ಟು, ವಿಚಾರಿಸಲು ಬಂದವರಿಗೆ ‘ಗೊತ್ತಿಲ್ಲ’ ಎನ್ನುವುದು ಊಟಕ್ಕೆ ಕರೆದು ಕೂರಿಸಿ ಎಲೆ ಎತ್ತಿಕೊಂಡು ಹೋದ ಹಾಗೆ ಎಂಬುದು ಅವನ ನಂಬಿಕೆ. ಹಾಗಾಗಿ ಆ ಪದ ಅವನ ಬಾಯಿಂದ ಬಂದದ್ದನ್ನು ಕೇಳಿದವರು ತಾಲ್ಲೂಕಿನಲ್ಲೇ ಇರಲಿಲ್ಲ. ಅವನ ಹೆಂಡತಿ ದುರುಗಕ್ಕನೂ ಕೇಳಿರಲಿಲ್ಲ.

“ಚಿಕ್ಕಜಾಜೂರಿನ ಬಸ್ ಯಾವಾಗ?” ಎಂದರೆ “ಈಗ ಬರ್ತದೆ” ಎನ್ನುತ್ತಿದ್ದ. ‘ಈಗ’ ಎಂಬುದು ಅವನ ಬಾಯಲ್ಲಿ ಬಹಳ ಉದಾರವಾದ ಪದ. ಬೆಳಗಿನಿಂದ ಸಂಜೆಯವರೆಗಿನ ಯಾವ ಬಸ್ಸು ಬೇಕಾದರೂ ಅದರೊಳಗೆ ಹಿಡಿಸುತ್ತಿತ್ತು. ಜನ ಬಸ್ಸಿನ ವಿಚಾರ ಮುಗಿಸಿ ಬೇರೆಯದಕ್ಕೂ ಕೈ ಹಾಕುತ್ತಿದ್ದರು. ಮಗುವಿಗೆ ಹಲ್ಲು ಯಾವಾಗ ಬರುತ್ತದೆ, ತವರಿಗೆ ಹೋದ ಸೊಸೆ ಯಾವಾಗ ಬರುತ್ತಾಳೆ. “ಈಗ ಬರ್ತದೆ”, “ಈಗ ಬರ್ತಾಳೆ.” ಹಲ್ಲೂ ಬರುತ್ತಿತ್ತು, ಸೊಸೆಯೂ ಬರುತ್ತಿದ್ದಳು. ಜಂಪಣ್ಣನ ಕೀರ್ತಿ ಹೀಗೆ ಬೆಳೆಯಿತು.

ಇಂಥವನಿಗೆ ಎರಡು ಸಾವಿರದ ಐದನೇ ಇಸವಿಯ ಜನವರಿಯಲ್ಲಿ ಒಂದು ಪರೀಕ್ಷೆ ಬಂತು.

ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ದುರುಗಕ್ಕನ ತಮ್ಮ ಅಂಜನ್, ಬೆಂಗಳೂರಿನಿಂದ ಒಂದು ಕೆಂಪು ಟರ್ಬೊ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ಸುಮ್ಮನೆ ನಿಂತಾಗಲೂ ಯಾರ ಮೇಲೋ ಸಿಟ್ಟು ಬಂದಂತೆ ಗುರುಗುಡುವ ಕಾರು. ಅದೇ ಹೊತ್ತಿಗೆ ಜಿಲ್ಲೆಯ ಮೋಟಾರು ಗೆಳೆಯರ ಕೂಟದವರು ಹೊಸದುರ್ಗದಾಚೆಯ ಫ್ಯಾನ್ ಗುಡ್ಡದಲ್ಲಿ ಕಾರು ಹತ್ತಿಸುವ ಸ್ಪರ್ಧೆ ಇಟ್ಟರು. ಗಾಳಿಯಿಂದ ಕರೆಂಟು ಮಾಡುವ ದೊಡ್ಡ ದೊಡ್ಡ ರೆಕ್ಕೆಗಳನ್ನು ನೆಟ್ಟ ಮೇಲೆ ಸುತ್ತಲಿನವರು ಆ ಗುಡ್ಡಕ್ಕೆ ಕೊಟ್ಟ ಹೆಸರು ಅದು. ಸ್ಪರ್ಧೆಗೆ ಹೆಸರು ಕೊಟ್ಟವರಲ್ಲಿ ಒಬ್ಬಳೇ ಒಬ್ಬಳು ಹುಡುಗಿ: ಜಂಪಣ್ಣನ ಮಗಳು ರಮ್ಯಾ. ಮಾವನ ಟ್ರ್ಯಾಕ್ಟರಿನಲ್ಲಿ ಸ್ಟೇರಿಂಗ್ ಹಿಡಿಯಲು ಕಲಿತು, ಜೀಪಿಗೆ ದಾಟಿ, ಈಗ ಕೆಂಪು ಕಾರಿಗೆ ಬಂದಿದ್ದಳು.

ಕೂಟದ ಕಾರ್ಯದರ್ಶಿ ನಿರಂಜನ್ ಅವಳ ಹೆಸರು ನೋಡಿ ನಕ್ಕಿದ್ದ. “ತಂಗೀ, ರಂಗೋಲಿ ಸ್ಪರ್ಧೆ ಮಧ್ಯಾಹ್ನ ಐತಮ್ಮ. ಅದು ಬೇರೆ ಕಡೆ ಹೆಸರು ಕೊಡಬೇಕು.”

“ನಿಮ್ಮ ಹೆಸರು ಅಲ್ಲಿ ಕೊಡ್ರಿ ಅಣ್ಣ. ನಂದು ಇಲ್ಲೇ ಇರ್ಲಿ,” ಎಂದು ರಮ್ಯಾ ಬಂದಿದ್ದಳು.

ಆದರೆ ಕಾರು ಕೈಕೊಟ್ಟಿತು. ಏರು ಬಂದರೆ, ಅರ್ಧ ದಾರಿಗೆ ಉಸಿರು ಬಿಡುತ್ತಿತ್ತು. ಶುಕ್ರವಾರ ಅಂಜನ್ ಫೋನ್ ಮಾಡಿದ.

“ಭಾವ, ಸ್ಪಾರ್ಕ್ ಪ್ಲಗ್ ಬದಲಾಯಿಸ್ಬೇಕು ಅಂದವ್ರೆ ಮೌಲಾ ಸಾಬ್ರು. ನಾವು ನಾಳೆನೇ ಹೊಸದುರ್ಗಕ್ಕೆ ಹೋಗಿರ್ತೀವಿ. ನೀವು ಚಿತ್ರದುರ್ಗದಲ್ಲಿ ಪ್ಲಗ್ ತಗಂಡು ಭಾನುವಾರ ಬೆಳಿಗ್ಗೆ ಗುಡ್ಡದ ಬುಡಕ್ಕೆ ಬರ್ತೀರಾ? ಪ್ಲಗ್ ಇಲ್ಲಾಂದ್ರೆ ರಮ್ಯಾನ ಕೂರಿಸಲ್ಲ ನಾನು. ಹೆಸರು ವಾಪಸ್ ತಗಳ್ತೀನಿ. ಟರ್ಬೊ ಗಾಡಿ ವಿಚಾರ ನಿಮಗೆ ಗೊತ್ತೈತಾ?”

“ಟರ್ಬೊ ಏನಪ್ಪ ದೊಡ್ಡದು? ನಮ್ಮ ನಿಲ್ದಾಣಕ್ಕೆ ಬರೋ ಅರ್ಧ ಬಸ್ಸಿನ ಬೆನ್ನ ಮೇಲೆ ಅದೇ ಬರ್ದಿರ್ತದೆ,” ಎಂದ ಜಂಪಣ್ಣ.

ಮೆಕ್ಯಾನಿಕ್ ಮೌಲಾ ಸಾಬರು ಹಿರಿಯೂರಿನಲ್ಲಿ ತಂಗಿಯ ಮಗಳು ಆರ್ಜೂಳ ಮದುವೆಯಲ್ಲಿದ್ದರು. ಅಲ್ಲಿಂದಲೇ ಫೋನ್ ಮಾಡಿದರು. ಹಿಂದೆ ಬ್ಯಾಂಡು ಹೊಡೆಯುತ್ತಿತ್ತು.

“ಜಂಪಣ್ಣಾರೆ! ಥಂಡಾ ಪ್ಲಗ್ ತರ್ರಿ! ಥಂಡಾ! ಟರ್ಬೊ ಗಾಡಿಗೆ ಗರಂ ಪ್ಲಗ್ ಆಗಲ್ಲ! ಈಗಿರೋದು ಏಳನೇ ನಂಬರ್. ಅದಕ್ಕಿಂತ ಒಂದ್ ನಂಬರ್ ಥಂಡಾ...” ಅಷ್ಟರಲ್ಲಿ ಮದುಮಗ ಬಂದನೆಂದು ಕಾಣುತ್ತದೆ, ಫೋನಿನ ತುಂಬ ಬರೀ ಡೋಲು.

“ಥಂಡಾ ಅಂದ್ರೆ?” ಎಂದಳು ದುರುಗಕ್ಕ, ರಾಗಿ ಹಿಟ್ಟು ಜರಡಿ ಹಿಡಿಯುತ್ತ.

“ತಣ್ಣಗಿರೋದು,” ಎಂದ ಜಂಪಣ್ಣ. ಅನುಮಾನಕ್ಕೆ ಜಾಗವೇ ಇಲ್ಲದ ದನಿಯಲ್ಲಿ.

ದುರುಗಕ್ಕ ಹಿಟ್ಟಿನ ಕೈಯಲ್ಲೇ ರಮ್ಯಾಗೆ ಫೋನ್ ಹಚ್ಚಿಸಿದಳು. “ಏನಾಗ್ತೈತೆ ಮಗಳೇ ಅದಕ್ಕೆ? ಸರಿಯಾಗಿ ಹೇಳು.”

“ಏರಲ್ಲಿ ಕೆಮ್ತೈತಮ್ಮ. ಕಟಕಟ ಅಂತ ಹಲ್ಲು ಕಡಿತೈತೆ. ಮೂತಿ ಕಾದು ಕೆಂಡ ಆಗ್ತೈತೆ. ಪೆಟ್ರೋಲ್ ಮಾತ್ರ ಗಟಗಟ ಕುಡೀತೈತೆ.”

ದುರುಗಕ್ಕ ಫೋನಿಟ್ಟು ಒಂದೇ ಮಾತು ಹೇಳಿದಳು: “ಉಷ್ಣ.”

ಅವಳು ಮೂರು ಮನೆಯ ಮಕ್ಕಳನ್ನು ಎತ್ತಿ ಆಡಿಸಿದವಳು. ಉಷ್ಣ ಯಾವುದು, ತಂಪು ಯಾವುದು ಎಂಬುದರಲ್ಲಿ ಬೀದಿಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಗೋಡೆಯ ಆಚೆಯಿಂದ ಕಾಳಕ್ಕ ತಲೆ ಎತ್ತಿದಳು.

“ಯಾರಿಗೆ ಉಷ್ಣ ಆಗೈತೆ ದುರುಗಕ್ಕ?”

“ಕಾರಿಗೆ.”

“ಅಯ್ಯೋ ಪಾಪ. ನೆತ್ತಿಗೆ ಹರಳೆಣ್ಣೆ ಹಾಕ್ಸು. ಎಳ್ಳು ಬೆಲ್ಲ ತಿನ್ನಿಸಿದ್ರೇನು ಹಬ್ಬದಾಗೆ?”

ಹೀಗೆ ಕಾಯಿಲೆ ಪತ್ತೆಯಾಯಿತು. ಇನ್ನು ಔಷಧಿ.

ಶನಿವಾರ ಗಂಡ ಹೆಂಡತಿ ಚಿತ್ರದುರ್ಗಕ್ಕೆ ಹೋಗಿ ಉಮೇರನ ಬಿಡಿಭಾಗಗಳ ಅಂಗಡಿಯಲ್ಲಿ ನಿಂತರು. ಉಮೇರ್ ಪಡುವಣ ಬಿಸಿಲು ಬೀಳುವ ಕಪಾಟಿನಿಂದ ಎರಡು ಬಗೆಯ ಪ್ಲಗ್ ತೆಗೆದು ಮೇಜಿನ ಮೇಲಿಟ್ಟ. ಒಂದರ ಮೇಲೆ ಆರು, ಇನ್ನೊಂದರ ಮೇಲೆ ಎಂಟು.

ಜಂಪಣ್ಣ ಒಂದನ್ನು ಮುಟ್ಟಿ ನೋಡಿ ಕೈ ಹಿಂದೆಗೆದ. “ಇದೇನಪ್ಪ, ಬೆಚ್ಚಗೈತೆ? ನಾನು ಕೇಳಿದ್ದು ಥಂಡಾ.”

ಉಮೇರ್ ಬೆಳಗಿನಿಂದ ಗಿರಾಕಿಗಳ ಜೊತೆ ಕೂಗಿ ಬಳಲಿದ್ದ. “ಥಂಡಾನೇ ಅಂಕಲ್ ಅದು. ಒಳಗಡೆ ಥಂಡಾ.”

“ಹಂಗಾದ್ರೆ ಒಳಗಿನ ಥಂಡಾ ಹೊರಗೆ ಹೋಗದಂಗೆ ನಾವೇ ಕಾಪಾಡ್ಕಬೇಕು,” ಎಂದ ಜಂಪಣ್ಣ, ಹೆಂಡತಿಯ ಕಡೆ ತಿರುಗಿ, ಬಹಳ ಗಂಭೀರವಾಗಿ. ಮುಂದಿನ ಅನಾಹುತಗಳಿಗೆಲ್ಲ ಬೀಜ ಬಿದ್ದದ್ದು ಈ ಮಾತಿನಲ್ಲಿ.

“ಏಳಿತ್ತಾ? ಹಂಗಾದ್ರೆ ಎಂಟು ತಗಳ್ರಿ,” ಎಂದ ಉಮೇರ್. “ನಂಬರ್ ಮೇಲಕ್ಕೆ ಹೋದಂಗೆ ಪ್ಲಗ್ ಥಂಡಾ.”

ಜಂಪಣ್ಣ ತಲೆಯಾಡಿಸಿ ಎಂಟರ ಮೇಲೆ ಕೈ ಇಟ್ಟಿದ್ದ. ದುರುಗಕ್ಕ ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು.

“ಏನಪ್ಪ, ನಿನಗೆ ಮಕ್ಕಳವ್ರಾ?” ಎಂದಳು ಉಮೇರನಿಗೆ.

“ಒಬ್ಳು ಮಗಳವ್ಳೆ ಆಂಟಿ.”

“ಅವಳಿಗೆ ಜ್ವರ ಬಂದಾಗ ಕಡ್ಡಿ ಇಟ್ಟು ನೋಡ್ತೀಯಲ್ಲ, ನೂರು ಇದ್ದದ್ದು ನೂರಾ ಎರಡಾದ್ರೆ ಮಗು ತಂಪಾಯ್ತು ಅಂತ ಕುಣೀತೀಯಾ?”

ಅಂಗಡಿಯಲ್ಲಿದ್ದ ಲಾರಿ ಡ್ರೈವರುಗಳೆಲ್ಲ ಉಮೇರನ ಕಡೆ ನೋಡಿದರು. ಅವರೆಲ್ಲರ ಮನೆಯಲ್ಲೂ ಮಕ್ಕಳಿದ್ದರು.

“ಅದು ಜ್ವರ ಆಂಟಿ, ಇದು ಪ್ಲಗ್! ನಾನು ದಿನಾ ಮಾರ್ತೀನಿ. ತಪ್ಪು ಪ್ಲಗ್ ಹಾಕಿದ್ರೆ ಪಿಸ್ಟನ್ ತೂತು ಬೀಳ್ತದೆ, ಎಂಜಿನ್ ಹೋಯ್ತು ಅಂತಾನೇ ಲೆಕ್ಕ!”

ಎಂಜಿನ್ ಎಂದ ಕೂಡಲೇ ದುರುಗಕ್ಕನ ಮುಖ ಸಣ್ಣಗಾಯಿತು. ಅದರ ಹಿಂದೆ ಕೂರುವವಳು ಅವಳ ಮಗಳು. ಆದರೆ ಅಷ್ಟು ಹೊತ್ತಿಗೆ ಜಂಪಣ್ಣ ಎದೆ ಉಬ್ಬಿಸಿದ್ದ. ತನ್ನ ಹೆಂಡತಿಗೆ ಒಬ್ಬ ಅಂಗಡಿಯವನು ಎದುರಾಡುವುದೆಂದರೇನು?

“ಆರು ಕೊಡಪ್ಪ. ಇವಳು ಕೈಯಿಂದ ಹಣೆ ಮುಟ್ಟಿ ಎಷ್ಟು ಜ್ವರ ಅಂತ ಹೇಳೋಳು.”

“ವಾಪಸ್ ತಗಳಂಗಿಲ್ಲ.”

“ವಾಪಸ್ ತರೋ ಜನ ನಾವಲ್ಲ.”

ಹೊಳಲ್ಕೆರೆಗೆ ಬಂದ ಮೇಲೆ ಆ ನಾಲ್ಕು ಪ್ಲಗ್ಗುಗಳಿಗೆ ಬಾಣಂತಿಗೂ ಸಿಗದ ಆರೈಕೆ ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಒಳಗೆ ಲಾವಂಚದ ಬೇರು ಇಟ್ಟರು. ಮಡಕೆಯ ಬುಡದಲ್ಲಿ ಮಲಗಿಸಿದರು. ಪ್ರಯಾಣಕ್ಕೆ ಏನು ಮಾಡುವುದೆಂದು ಯೋಚಿಸುವಾಗ ಎದುರು ಮನೆಯ ದೊಡ್ಡಕ್ಕ ಬಂದಳು. ಆಕೆ ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮನಾಗಿದ್ದು ನಿವೃತ್ತಳಾದವಳು. ಹಿಡಿ ಮುರಿದು ಮೂಲೆಗೆ ಬಿದ್ದಿದ್ದ ಹಳೆಯ ಲಸಿಕೆ ಡಬ್ಬಿಯೊಂದರಲ್ಲಿ ಮಲ್ಲಿಗೆ ಹೂ ಇಡುತ್ತಿದ್ದಳು.

“ಇದನ್ನ ತಗಂಡು ಹೋಗ್ರಿ. ಸುತ್ತ ಐಸ್ ತುಂಬ್ರಿ. ಮುಚ್ಚಳ ಮಾತ್ರ ತೆಗೀಬ್ಯಾಡ್ರಿ, ತಂಪು ಓಡೋಗ್ತದೆ.”

ನೀಲಿ ಡಬ್ಬಿ. ಬಿಳಿ ಮುಚ್ಚಳ. ಪಕ್ಕದಲ್ಲಿ ‘ಎರಡು ಹನಿ’ ಎಂಬ ಬಣ್ಣ ಮಾಸದ ಚೀಟಿ.

ಭಾನುವಾರ ನಸುಕಿಗೇ ಹೊರಟರು. ಮಾಗಿಯ ಚಳಿಯಲ್ಲಿ, ತೊಡೆಯ ಮೇಲೆ ಐಸ್ ಡಬ್ಬಿ ಇಟ್ಟುಕೊಂಡು, ಸೀರೆಯ ಸೆರಗು ಎರಡು ಸುತ್ತು ಹೊದ್ದು ದುರುಗಕ್ಕ ಹಲ್ಲು ಕಡಿಯುತ್ತ ಕೂತಿದ್ದಳು. ಹೊಸದುರ್ಗದಲ್ಲಿ ಇಳಿದು ಶ್ರೀರಾಂಪುರದ ಬಸ್ಸು ಹತ್ತಿದರು. ಗುಡ್ಡದ ರೆಕ್ಕೆಗಳು ದೂರದಲ್ಲಿ ಕಾಣುವಷ್ಟು ಹತ್ತಿರ ಬಂದಾಗ, ಒಂದು ಹಳ್ಳಿಯ ಅರಳಿಕಟ್ಟೆಯ ಮುಂದೆ ಬಸ್ಸು ನಿಂತಿತು.

ಅಂದು ದೇಶದ ತುಂಬ ಪೋಲಿಯೋ ಭಾನುವಾರ. ಇದು ಜಂಪಣ್ಣನ ತಲೆಯಲ್ಲಿ ಇರಲಿಲ್ಲ. ಆ ಹಳ್ಳಿಯ ತಾಯಂದಿರ ತಲೆಯಲ್ಲಿ ಮಾತ್ರ ಅದೇ ಇತ್ತು. ಬೆಳಗಿನಿಂದ ಮಕ್ಕಳಿಗೆ ಕಾಡಿಗೆ ಹಚ್ಚಿ, ಟೋಪಿ ಹಾಕಿ, ಕಟ್ಟೆಯ ಮೇಲೆ ಕಾದು ಕೂತಿದ್ದರು. ಕಿಟಕಿಯಲ್ಲಿ ನೀಲಿ ಡಬ್ಬಿ ಕಂಡಿತು.

“ಬಂದ್ರು! ಹನಿ ಹಾಕೋರು ಬಂದ್ರು!”

ಒಬ್ಬ ಬಾಣಂತಿ ಕಿಟಕಿಗೇ ಮಗುವನ್ನು ಎತ್ತಿ ಹಿಡಿದಳು. “ಸಾಮಿ, ಹನಿ ಯಾವಾಗ ಹಾಕ್ತೀರಿ?”

ಯಾವಾಗ ಎಂಬ ಪದ ಕಿವಿಗೆ ಬಿದ್ದರೆ ಜಂಪಣ್ಣನ ಬಾಯಿ ಅವನನ್ನು ಕೇಳಿಕೊಂಡು ತೆರೆಯುತ್ತಿರಲಿಲ್ಲ.

“ಈಗಲೇ,” ಎಂದ.

ಮುಗಿಯಿತು. ಕಂಡಕ್ಟರು “ಪೋಲಿಯೋ ಸಾಹೇಬ್ರೇ, ಇಳೀರಿ ಇಳೀರಿ, ಒಳ್ಳೆ ಕೆಲಸ” ಎಂದು ಇಬ್ಬರನ್ನೂ ಇಳಿಸಿ ಸೀಟಿ ಊದಿಬಿಟ್ಟ. ಬಸ್ಸು ಹೋಯಿತು. ಕಟ್ಟೆಯ ಮೇಲೆ ಚಾಪೆ ಬಂತು. “ಕುಂತ್ಕಳ್ರಿ” ಎಂದರು. ಚಹಾ ಬಂತು. ಇಡೀ ಊರಿನ ಕಂಕುಳ ಕೂಸುಗಳು ಬಾಯಿ ತೆರೆದು ಜಂಪಣ್ಣನ ಮುಂದೆ ಸಾಲು ನಿಂತವು.

“ಏನ್ರೀ ಮಾಡಿದ್ರಿ?” ಎಂದು ಪಿಸುಗುಟ್ಟಿದಳು ದುರುಗಕ್ಕ. “ಅಲ್ಲಿ ಮಗಳು ಕಾಯ್ತಾ ಅವ್ಳೆ!”

“ಹೋಗಾಣ, ಈಗ ಹೋಗಾಣ,” ಎಂದ ಜಂಪಣ್ಣ. ಆ ‘ಈಗ’ ಕೇಳಿ ದುರುಗಕ್ಕನಿಗೆ ಅಳು ಬಂತು.

ಊರಿನ ಹಿರಿಯ ಯತ್ತಪ್ಪ ಕೋಲು ಊರಿಕೊಂಡು ಬಂದ. “ಡಬ್ಬಿ ತೆಗೀರಿ ಸಾಹೇಬ್ರೆ. ಮಕ್ಕಳು ಎಷ್ಟೊತ್ತು ಬಾಯಿ ಕಳಕಂಡು ನಿಂತಾವು? ನೊಣ ಹೋಗ್ತದೆ.”

“ತೆಗೆಯಂಗಿಲ್ಲ.”

“ಯಾಕೆ?”

“ತಂಪು ಓಡೋಗ್ತದೆ.”

“ಭೇಷ್!” ಎಂದಿತು ಹಿಂದಿನಿಂದ ಒಂದು ದನಿ.

ಆರೋಗ್ಯ ನಿರೀಕ್ಷಕ ಚಿತ್ರಲಿಂಗಪ್ಪ ಜೀಪಿನಿಂದ ಇಳಿದು ನಿಂತಿದ್ದ. ಜೀಪಿನ ನೆತ್ತಿಯ ಮೇಲೆ ಮೈಕು, ಒಳಗೆ ನಿಜವಾದ ಲಸಿಕೆಯ ಡಬ್ಬಿ. ಮುಚ್ಚಳ ಸುಮ್ಮಸುಮ್ಮನೆ ತೆಗೆಯಬೇಡಿ, ತಂಪು ಹೋದರೆ ಲಸಿಕೆ ಹೋದಂತೆ ಎಂದು ವರ್ಷಾನುಗಟ್ಟಲೆ ತರಬೇತಿಯಲ್ಲಿ ಗಂಟಲು ಹರಿದುಕೊಂಡವನು ಅವನು. ಒಬ್ಬನೂ ಕೇಳಿರಲಿಲ್ಲ. ಇವತ್ತು ಒಬ್ಬ ಅಪರಿಚಿತ, ಇಡೀ ಊರು ಎದುರು ನಿಂತರೂ ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದಾನೆ! ಚಿತ್ರಲಿಂಗಪ್ಪನ ಕಣ್ಣು ಒದ್ದೆಯಾಯಿತು.

“ನೋಡ್ರಮ್ಮ, ನೋಡಿ ಕಲೀರಿ! ಇಂಥವರು ನಾಲ್ಕು ಜನ ಇದ್ದಿದ್ರೆ ದೇಶ ಎಲ್ಲೋ ಇರ್ತಿತ್ತು. ಯಾವ ಕೇಂದ್ರ ಸಾರ್ ನಿಮ್ಮದು? ಯಾವ ಲಸಿಕೆ? ನಾನೇ ತೆಗೀತೀನಿ ಬಿಡ್ರಿ.”

ಮುಚ್ಚಳ ತೆರೆಯಿತು. ಹಬೆಯಂಥ ಚಳಿ ಮೇಲೆದ್ದಿತು. ಲಾವಂಚದ ಪರಿಮಳ ಬಂತು. ಚಿತ್ರಲಿಂಗಪ್ಪ ಒದ್ದೆ ಬಟ್ಟೆ ಬಿಚ್ಚಿ, ಒಂದು ಸ್ಪಾರ್ಕ್ ಪ್ಲಗ್ ಎತ್ತಿ ಬಿಸಿಲಿಗೆ ಹಿಡಿದ. ಮುಂದಿದ್ದ ಕೂಸು ಅದನ್ನು ನೋಡಿ ಬಾಯಿ ಮುಚ್ಚಿಕೊಂಡಿತು. ಅದರ ಹಿಂದಿನದು ಕಿರುಚಿತು. ಆಮೇಲೆ ಎಲ್ಲವೂ.

“ಇದನ್ನ... ಮಕ್ಕಳಿಗಾ?” ಎಂದ ಚಿತ್ರಲಿಂಗಪ್ಪ.

“ಕಾರಿಗೆ,” ಎಂದ ಜಂಪಣ್ಣ. ದನಿ ಈಗಲೂ ಕುಂದಿರಲಿಲ್ಲ. “ಉಷ್ಣ ಆಗೈತೆ.”

ಯತ್ತಪ್ಪನ ಕೋಲು ನೆಲ ಬಿಟ್ಟು ಮೇಲೆ ಬಂತು. ಯಾರೋ “ಕಟ್ಟಿ ಹಾಕ್ರೋ” ಎಂದರು. ಆಗ ದುರುಗಕ್ಕ ಎದ್ದಳು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ ಕೂಸನ್ನು ಅದರ ತಾಯಿಯ ಕಂಕುಳಿನಿಂದ ಎತ್ತಿಕೊಂಡು, ತನ್ನ ತಣ್ಣನೆಯ ಬೆರಳಿನಿಂದ ಗಲ್ಲ ಸವರಿದಳು. ಕೂಸು ಅಚ್ಚರಿಯಿಂದ ಬಾಯಿ ತೆರೆಯಿತು.

“ಹಾಕ್ರಿ ಸಾರ್ ನಿಮ್ಮ ಹನಿ, ಬೇಗ!” ಎಂದಳು.

ಹನಿ ಬಿತ್ತು. ಮುಂದಿನ ಕೂಸು. ಬೆರಳು, ಗಲ್ಲ, ಹನಿ. ಐಸ್ ಹಿಡಿದು ಮರಗಟ್ಟಿದ ಆ ಬೆರಳುಗಳ ಮುಂದೆ ಯಾವ ಕೂಸಿನ ಹಟವೂ ನಡೆಯಲಿಲ್ಲ. ಮನೆಯಿಂದ ಮನೆಗೆ ಅಲೆದು, ಬಾಗಿಲು ಬಡಿದು, ಸಂಜೆಯವರೆಗೂ ಮುಗಿಯದ ಕೆಲಸ ಒಂದೇ ಕಟ್ಟೆಯ ಮೇಲೆ ಮುಗಿದುಹೋಯಿತು. ಊರಿನಲ್ಲಿ ಹನಿ ಬೀಳದ ಒಂದು ಕೂಸೂ ಉಳಿಯಲಿಲ್ಲ.

ಚಿತ್ರಲಿಂಗಪ್ಪ ಖಾಲಿ ಕಟ್ಟೆ ನೋಡಿದ, ಜಂಪಣ್ಣನನ್ನು ನೋಡಿದ. ಈ ಮನುಷ್ಯನ ಮೇಲೆ ದೂರು ಬರೆಯಬೇಕೋ ಪ್ರಶಸ್ತಿಗೆ ಬರೆಯಬೇಕೋ ತಿಳಿಯಲಿಲ್ಲ. ಕೊನೆಗೆ “ಹತ್ರಿ ಜೀಪು” ಎಂದ.

ಗುಡ್ಡದ ಬುಡದಲ್ಲಿ ಅಂಜನ್ ಅತ್ತಿಂದಿತ್ತ ಓಡಾಡುತ್ತಿದ್ದ. ರಮ್ಯಾ ಕಾರಿನ ಬಾಗಿಲಿಗೆ ಒರಗಿ ರಸ್ತೆಯನ್ನೇ ನೋಡುತ್ತಿದ್ದಳು. ನಿರಂಜನ್ ಪೀಪಿ ಹಿಡಿದು, “ಆಯ್ತಮ್ಮ, ಹೆಸರು ಹೊಡೆದು ಹಾಕ್ಲಾ?” ಎಂದು ಮೂರನೆಯ ಸಲ ಕೇಳುತ್ತಿದ್ದ. ಆಗ ‘ನಿಮ್ಮ ಮಗುವಿಗೆ ತಪ್ಪದೇ ಎರಡು ಹನಿ ಹಾಕಿಸಿ’ ಎಂದು ಕೂಗುತ್ತ ಒಂದು ಜೀಪು ಧೂಳೆಬ್ಬಿಸಿಕೊಂಡು ಬಂತು. ಅದರಿಂದ ನೀಲಿ ಡಬ್ಬಿಯನ್ನು ಎದೆಗವಚಿಕೊಂಡು ಜಂಪಣ್ಣ ಇಳಿದ.

“ಅಪ್ಪಾ!”

ಮೂರು ದಿನದ ಮದುವೆಯಿಂದ ಶೇರ್ವಾನಿಯಲ್ಲೇ ಎದ್ದು ಬಂದಿದ್ದ ಮೌಲಾ ಸಾಬರು ಡಬ್ಬಿಗೆ ಕೈ ಹಾಕಿ ಚೀರಿದರು. “ಯಾ ಅಲ್ಲಾ! ಐಸಲ್ಲಿ ಇಟ್ಟಿದೀರಾ?”

“ಥಂಡಾ ಅಂದ್ರಲ್ಲ.”

ಮೌಲಾ ಸಾಬರು ನಗಲು ಶುರುಮಾಡಿ, ಪ್ಲಗ್ಗಿನ ಮೇಲಿನ ನಂಬರು ನೋಡಿ ತಟ್ಟನೆ ನಿಲ್ಲಿಸಿದರು. “ಆರು? ಯಾರು ಆರಿಸಿದ್ದು ಇದನ್ನ?”

“ಯಾಕೆ, ತಪ್ಪಾ?” ಎಂದಳು ದುರುಗಕ್ಕ. ಅವಳ ಕೈ ಮಗಳ ತೋಳನ್ನು ಹಿಡಿದಿತ್ತು.

“ಸರಿ! ಸರಿ ಐತೆ ಅಂತಾನೇ ಕೇಳಿದ್ದು! ಬೇರೆ ಕಂಪನಿದಕ್ಕೆಲ್ಲ ನಂಬರ್ ಜಾಸ್ತಿ ಆದ್ರೆ ಥಂಡಾ. ಈ ಕಂಪನಿದು ಉಲ್ಟಾ. ಬಹಳ ಜನ ಇಲ್ಲೇ ಎಡವೋದು.”

ಅವರು ಪ್ಲಗ್ಗುಗಳನ್ನು ಒರೆಸಿ, ಊದಿ, ಬಾನೆಟ್ಟಿನ ಮೇಲೆ ಬಿಸಿಲಿಗೆ ಒಣಗಲು ಸಾಲಾಗಿ ಇಟ್ಟರು. ಸಂಡಿಗೆ ಇಟ್ಟಂತೆ ಕಂಡಿತು ದುರುಗಕ್ಕನಿಗೆ. ಒಣಗಿದ ಮೇಲೆ ತೆಳ್ಳನೆಯ ತಗಡು ತೂರಿಸಿ ಒಂದೊಂದರ ತುದಿಯ ಸಂದನ್ನು ಕೊಂಚ ಕಿರಿದು ಮಾಡಿದರು. “ಟರ್ಬೊ ಜೋರಾಗಿ ಗಾಳಿ ನೂಕ್ತದೆ. ಸಂದು ದೊಡ್ಡದಿದ್ರೆ ಕಿಡಿ ಆರಿ ಹೋಗ್ತದೆ.”

ನಿರಂಜನ್ ಪಕ್ಕಕ್ಕೆ ಬಂದು ನಿಂತ. “ಏನ್ರಿ ಯಜಮಾನ್ರೆ, ಪ್ಲಗ್ಗನ್ನ ಐಸಲ್ಲಿ ಹೊತ್ಕಂಡು ಬಂದ್ರಂತೆ? ಥಂಡಾ ಪ್ಲಗ್ ಅಂದ್ರೇನು ಅಂತ ನಿಮಗೆ ಗೊತ್ತಾ?”

ಸುತ್ತಲಿದ್ದವರೆಲ್ಲ ನಕ್ಕರು. ಜಂಪಣ್ಣ ಬಾಯಿ ತೆರೆದ. ಮೌಲಾ ಸಾಬರೇ ಕಾಪಾಡಿದರು. “ಪ್ಲಗ್ ಥಂಡಾ ಅಂದ್ರೆ, ಕಾವನ್ನ ತುದೀಲಿ ಇಟ್ಕಳಲ್ಲ. ಬೇಗ ಹಿಂದಕ್ಕೆ ದಾಟಿಸ್ತದೆ. ಗರಂ ಪ್ಲಗ್ ಇಟ್ಕಂಡು ಕೂರ್ತದೆ. ಏರಲ್ಲಿ ಅದೇ ಕೆಂಡ ಆಗಿ, ಕಿಡಿ ಬರೋಕೆ ಮುಂಚೆನೇ ಪೆಟ್ರೋಲ್ ಹತ್ಕಂಡು ಬಿಡ್ತದೆ.”

“ಅಂದ್ರೆ ಬಿಸಿಯಾದ ಮಾತು ಕೇಳಿದ್ರೂ ತಲೇಲಿ ಇಟ್ಕಳ್ದೆ ಕೆಲಸ ನೋಡೋದು,” ಎಂದಳು ದುರುಗಕ್ಕ, ನಿರಂಜನ್‌ನನ್ನೇ ನೋಡುತ್ತ. ಆಮೇಲೆ ಮಗಳ ಕಡೆ ತಿರುಗಿ, “ತಿಳೀತೇನಮ್ಮ?”

“ತಿಳೀತಮ್ಮ,” ಎಂದು ರಮ್ಯಾ ಹೆಲ್ಮೆಟ್ ಹಾಕಿಕೊಂಡಳು.

“ಹೋಗ್ಲಿ ಬಿಡ್ರಿ. ಹೆಣ್ಮಕ್ಕಳಿಗೆ ಅರ್ಧ ಗುಡ್ಡ ಅಂದ್ರೂ ದೊಡ್ಡದೇ,” ಎಂದು ನಿರಂಜನ್ ಪೀಪಿ ಊದಿದ.

ಕೆಂಪು ಕಾರು ಚಿಮ್ಮಿತು. ಮೊದಲ ತಿರುವು, ಎರಡನೆಯದು, ಆಮೇಲೆ ಬಂಡೆಗಳ ಹಿಂದೆ ಮರೆಯಾಯಿತು. ಇನ್ನು ಬುಡದಲ್ಲಿದ್ದವರಿಗೆ ಉಳಿದದ್ದು ಸದ್ದು ಮಾತ್ರ. ದುರುಗಕ್ಕ ಖಾಲಿ ಡಬ್ಬಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದಳು. ಸದ್ದು ಏರಿತು. ನಿನ್ನೆ ಅಭ್ಯಾಸದಲ್ಲಿ ಕೆಮ್ಮಿದ್ದ ಕಲ್ಲುಬಂಡೆಯ ತಿರುವಿಗೆ ಬಂತು. ಅಂಜನ್ ಬೆರಳು ಕಚ್ಚಿದ. ಕೆಮ್ಮಲಿಲ್ಲ. ಕಟಕಟ ಎನ್ನಲಿಲ್ಲ. ಸದ್ದು ತಿರುವು ದಾಟಿ, ಇನ್ನೂ ಮೇಲೆ, ಗಾಳಿ ರೆಕ್ಕೆಗಳ ಸುಯ್ಲಿನೊಳಗೆ ಸೇರಿಹೋಯಿತು. ಆಮೇಲೆ ಏನೂ ಕೇಳಿಸಲಿಲ್ಲ.

ಆ ಮೌನವನ್ನು ನಿರಂಜನ್ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ. ಜನರ ಕಡೆ ಕಣ್ಣು ಹೊಡೆದು, ಜಂಪಣ್ಣನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟ.

“ಏನ್ ಯಜಮಾನ್ರೆ, ಎಲ್ಲ ಗೊತ್ತಿರೋರು ನೀವು. ಹೇಳ್ರಿ ನೋಡಾಣ, ಎಲ್ಲಿ ನಿಂತಳು ನಿಮ್ಮ ಮಗಳು?”

ಜಂಪಣ್ಣ ಗುಡ್ಡದ ನೆತ್ತಿ ನೋಡಿದ. ಅಲ್ಲಿ, ಗಾಳಿ ರೆಕ್ಕೆಯ ಬಿಳಿ ಕಂಬವೊಂದರ ಬುಡದಲ್ಲಿ ಒಂದು ಕೆಂಪು ಚುಕ್ಕೆ ಕಾಣಿಸಿಕೊಂಡಿತ್ತು. ಸ್ಪರ್ಧೆಯ ಕೊನೆಯ ಗೆರೆ ದಾಟಿದ ಮೇಲೂ ಅದು ನಿಂತಿರಲಿಲ್ಲ. ಮುಂದಿನ ಕಂಬಕ್ಕೆ, ಅದರ ಮುಂದಿನದಕ್ಕೆ, ಗುಡ್ಡದ ಅಂಚಿನುದ್ದಕ್ಕೂ ಧೂಳೆಬ್ಬಿಸುತ್ತ ಓಡುತ್ತಿತ್ತು. ಜಂಪಣ್ಣ ಗಂಟಲು ಸರಿಮಾಡಿಕೊಂಡ.

“ಗೊತ್ತಿಲ್ಲ ಸ್ವಾಮಿ,” ಎಂದ. “ನಿಲ್ಲೋದು ಅವಳಿಗೇ ಗೊತ್ತಿಲ್ಲ.”

ದುರುಗಕ್ಕ ಬೆಚ್ಚಿ ಕಣ್ಣು ತೆರೆದಳು. ಡಬ್ಬಿಯನ್ನು ಕೆಳಗಿಟ್ಟು, ಎಲ್ಲರ ಎದುರಿಗೇ ಗಂಡನ ಹಣೆಯ ಮೇಲೆ ಕೈಯಿಟ್ಟು ನೋಡಿದಳು.

ತಂಪಾಗಿತ್ತು.